ರಸೀದಿಯ ಕೆಳಗಣ ಸಾಲು

ಬಸವಕಲ್ಯಾಣದ ಸೀಮೆಯಲ್ಲಿ ಮೋರಖಂಡಿಯೆಂಬದೊಂದು ಹಳ್ಳಿಯುಂಟು. ಅದು ನನ್ನ ಹಿರಿಯರ ಊರು. ಮೇಲುನೋಟಕ್ಕೆ ಅಲ್ಲಿ ವಿಶೇಷವೇನೂ ಕಾಣದು. ಜೋಳ ತೊಗರಿಗಳ ಹೊಲಗಳು, ಹಳೆಯ ಕಲ್ಲುಗಳು, ಸುತ್ತಲಿನ ಊರುಗಳಲ್ಲಿರುವಂಥ ಮನೆಗಳು. ಆದರೆ ಊರಿನ ಹೆಸರು ಮಾತ್ರ ಸಾಮಾನ್ಯವಾದುದಲ್ಲ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಗೋವಿಂದನು 9ನೆಯ ಶತಮಾನದ ಆರಂಭದಲ್ಲಿ ಹೊರಡಿಸಿದ, ವಣಿ ಮತ್ತು ರಾಧನಪುರಗಳಲ್ಲಿ ದೊರೆತ ತಾಮ್ರಶಾಸನಗಳು ಮಯೂರಖಂಡಿಯ ಬೀಡಿನಿಂದ ಹೊರಟವುಗಳು. ಆ ಮಯೂರಖಂಡಿಯೇ ನಮ್ಮ ಮೋರಖಂಡಿಯೆಂದು ಕೆಲವು ವಿದ್ವಾಂಸರು ಹೇಳುವರು; ಅಲ್ಲ, ಅದು ನಾಸಿಕ ಜಿಲ್ಲೆಯ ಮೋರಖಿಂಡವೆಂಬ ಗಿರಿದುರ್ಗವೆಂದು ಬೇರೆ ಕೆಲವರು ವಾದಿಸುವರು. ಚಿಕ್ಕಂದಿನಲ್ಲಿ ಈ ವಾದವನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತಿದ್ದಿತು. ತಾಮ್ರದ ಮೇಲೆ ಹೆಸರು ಕೊರೆಯಿಸಿದ ಅರಸನು ಅದು ಎಲ್ಲಿದೆಯೆಂಬದನ್ನೂ ಒಂದು ಮಾತು ಹೇಳಬಾರದಾಗಿತ್ತೇ ಎಂದುಕೊಳ್ಳುತ್ತಿದ್ದೆನು.

ವಯಸ್ಸಾದಂತೆ ಉತ್ತರ ತಿಳಿಯಿತು. ಆ ಶಾಸನವನ್ನು ಬರೆಯಿಸಿದ್ದು ನಮಗಾಗಿ ಅಲ್ಲ. ದಾನ ಪಡೆದವನ ಭೂಮಿಯನ್ನು ಮುಂದೆ ಯಾರೂ ಕಸಿಯಬಾರದೆಂದು ಬರೆಯಿಸಿದ್ದು. ಭೂಮಿಯ ಎಲ್ಲೆಗಳನ್ನು ಅದು ಎಚ್ಚರಿಕೆಯಿಂದ ಹೇಳುತ್ತದೆ. ಬೀಡಿನ ಹೆಸರನ್ನು ಹೇಳಿ ಮುಂದೆ ಸಾಗುತ್ತದೆ. ದಾಖಲೆಯೆಂಬದು ಅದನ್ನು ಇಟ್ಟುಕೊಂಡವನ ಅವಶ್ಯಕತೆಯಷ್ಟೇ ಉದ್ದವಾಗಿರುವದು. ನನ್ನ ಮನೆತನದ ಕಾಗದಗಳನ್ನು ಹುಡುಕಲು ಕುಳಿತಾಗ ಈ ಒಂದು ಮಾತನ್ನು ನಾನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿತ್ತು. ಇಟ್ಟುಕೊಳ್ಳದೆ ಒಂದು ತಪ್ಪು ಮಾಡಿದೆನು. ಆ ತಪ್ಪಿನ ಕಥೆಯನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಕಡೆಯ ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಯ್ದುಕೊಂಡು ಬಂದವರು ಹೆಳವರು. ಹೆಳವನೆಂದರೆ ಕಾಲಿಲ್ಲದವನು. ಹಿಂದೆ ಅವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು, ಗಂಟೆಯನ್ನು ಬಾರಿಸುತ್ತ ಊರೊಳಗೆ ಬರುತ್ತಿದ್ದರು. ಸುಗ್ಗಿಯಾದ ಮೇಲೆ ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನ ತನಕ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವರು. ಅಂದಿನಿಂದೀಚೆಗೆ ಹುಟ್ಟಿದವರ ಹೆಸರನ್ನು ತಮ್ಮ ಚೋಪಡಿಯಲ್ಲಿ ಸೇರಿಸಿಕೊಳ್ಳುವರು. ಕಾಳನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಊರಿಗೆ ಹೋಗುವರು. ಉತ್ತರದಲ್ಲಿ ಹರಿದ್ವಾರದ ಪಂಡಾಗಳೂ ನಮ್ಮ ದಕ್ಷಿಣದವರಿಗಾಗಿ ತ್ರ್ಯಂಬಕೇಶ್ವರದ ತೀರ್ಥೋಪಾಧ್ಯಾಯರೂ ಇಂಥ ವಹಿಗಳನ್ನು ಇಟ್ಟಿದ್ದಾರೆ. ಹರಿದ್ವಾರದ ವಹಿಗಳನ್ನು ಅಮೆರಿಕೆಯ ಯೂಟಾ ಸಂಸ್ಥಾನದ ವಂಶಾವಳಿ ಸಂಘದವರು ಚಿತ್ರಸುರುಳಿಗಳಲ್ಲಿ ಪ್ರತಿ ತೆಗೆಯಿಸಿಕೊಂಡಿದ್ದಾರೆ. ಆದರೆ ಅಲ್ಲಿ ಯಾತ್ರಿಕನು ವಹಿಯಿದ್ದಲ್ಲಿಗೆ ಹೋಗಬೇಕು. ನಮ್ಮಲ್ಲಿ ವಹಿಯೇ ಎತ್ತಿನ ಮೇಲೆ ಕುಳಿತು ಮನೆಬಾಗಿಲಿಗೆ ಬರುತ್ತಿದ್ದಿತು.

ನಮ್ಮ ಮನೆಯ ಹೆಳವನ ಚೋಪಡಿಯಲ್ಲಿ ನಮ್ಮ ಏಳು ತಲೆಗಳಿವೆ. ಏಳೂ ಗಂಡಸರವು. ಇಂಥವನ ಮಗ ಇಂಥವನು, ಅವನಿಗೆ ಇಬ್ಬರು ಗಂಡುಮಕ್ಕಳು, ಹಿರಿಯವನ ಬಳ್ಳಿ ಹೀಗೆ, ಕಿರಿಯವನ ಬಳ್ಳಿ ಹೀಗೆ ಎಂದು ಮಾವಿನ ಕೊಂಬೆಗಳಂತೆ ಅದು ಕವಲೊಡೆಯುತ್ತ ಬಂದಿದೆ. ನನ್ನ ಮುತ್ತಜ್ಜನ ಹೆಸರಿನ ಮುಂದೆ ಅವನ ಒಬ್ಬನೇ ಮಗನ, ಅಂದರೆ ನನ್ನ ಅಜ್ಜನ ಹೆಸರಿದೆ. ಪಕ್ಕದಲ್ಲಿ ಮುತ್ತಜ್ಜನ ತಮ್ಮನ ಹೆಸರೂ ಅವನ ಮಕ್ಕಳ ಹೆಸರೂ ಇವೆ. ಈ ತಮ್ಮನನ್ನು ನಮ್ಮ ಮನೆಯಲ್ಲಿ ಎಲ್ಲರೂ ‘ಸಣ್ಣ ಮುತ್ಯಾ’ ಎಂದು ಕರೆಯುವರು. ಮುತ್ತಜ್ಜನು 1918ರ ಜ್ವರದಲ್ಲಿ ತೀರಿಕೊಂಡಾಗ ಅಜ್ಜನಿಗೆ ನಾಲ್ಕು ವರ್ಷ. ಆ ಕೂಸನ್ನೂ ಅದರ ಪಾಲಿನ ಹೊಲವನ್ನೂ ಕಾಯ್ದು, ಅವನು ಪ್ರಾಯಕ್ಕೆ ಬಂದಾಗ ಒಂದು ಗುಂಟೆಯೂ ಕಡಿಮೆಯಾಗದಂತೆ ಒಪ್ಪಿಸಿದವನು ಸಣ್ಣ ಮುತ್ಯಾ ಎಂಬದು ಮನೆಯ ಕಥೆ. ಆದುದರಿಂದ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ಹಿರಿಯರ ಪೈಕಿ ಅವನ ಹೆಸರನ್ನು ಮೊದಲು ಹೇಳುವ ರೂಢಿ ನಮ್ಮಲ್ಲಿದೆ.

ನನ್ನ ತಂದೆ ತೀರಿಕೊಂಡ ಮೇಲೆ ತಗಡಿನದೊಂದು ಪೆಟ್ಟಿಗೆ ನನ್ನ ಕೈಗೆ ಬಂದಿತು. ಅದರೊಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದಗಳ ಗಂಟು. ಅದನ್ನು ಬಿಚ್ಚಿದ ದಿನ ನನ್ನ ವಿದ್ಯೆಯ ಅಹಂಕಾರ ಇಳಿಯಿತು. ಬೀದರ ಜಿಲ್ಲೆಯವನು ತನ್ನ ಅಜ್ಜನ ಕಾಗದವನ್ನು ಓದಬೇಕಾದರೆ ಕನ್ನಡವೊಂದೇ ಸಾಲದು. ನಮ್ಮ ಸೀಮೆ ನಿಜಾಮನ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ದರಬಾರಿನ ಭಾಷೆ ಮೊದಲು ಪಾರ್ಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ಹಳ್ಳಿಯ ಪಟವಾರಿಯ ಬರೆಹ ನಮ್ಮ ಮನೆಯ ಕಾಗದಗಳಲ್ಲಿ ಮೋಡಿ ಅಕ್ಷರದ ಮರಾಠಿ. ಮನೆಯೊಳಗಿನ ಲೆಕ್ಕ ಮಾತ್ರ ಕನ್ನಡ. ಇದಲ್ಲದೆ ಊರು ಯಾರ ಕೈಯಲ್ಲಿತ್ತೆಂಬದನ್ನೂ ತಿಳಿಯಬೇಕು. ಕೆಲವು ಊರುಗಳು ನೇರವಾಗಿ ದಿವಾನಿ ಆಡಳಿತಕ್ಕೆ ಸೇರಿದವು. ಕೆಲವು ನಿಜಾಮನ ಸ್ವಂತ ಖರ್ಚಿನ ಸರ್ಫೇಖಾಸ್. ಕಲ್ಯಾಣಿಯಲ್ಲಿ ನವಾಬರ ಜಾಗೀರು. ಹುಮನಾಬಾದ, ಚಿಟಗುಪ್ಪೆಗಳ ಕಡೆಗೆ ಪಾಯಗಾ ಅಮೀರರ ಊರುಗಳು. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ದಫ್ತರ. 1948ರ ಸಪ್ಟಂಬರದಲ್ಲಿ ಪೋಲೀಸು ಕಾರ್ಯಾಚರಣೆಯಾಗಿ, 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವಂಬರ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಒಡೆದಾಗ ದಫ್ತರಗಳೂ ಒಡೆದವು. ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದಲ್ಲಿ ಶಹಜಹಾನ ಔರಂಗಜೇಬರ ಕಾಲದ ದಖ್ಖನದ ಕಾಗದಗಳು ಸಹ ಇವೆ. ಹೀಗೆ ಅಜ್ಜನ ಊರು ಒಂದು ರಾಜ್ಯದಲ್ಲಿ, ಆ ಕಾಲದ ದೊಡ್ಡ ದಫ್ತರ ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ನಮ್ಮದಾಗಿದೆ.

ನಮ್ಮ ಮನೆಗಳ ಹೆಸರುಗಳೂ ಆ ದಫ್ತರಗಳಿಂದಲೇ ಇಳಿದು ಬಂದವುಗಳು. ಕಂದಾಯ ವಸೂಲು ಮಾಡುತ್ತಿದ್ದ ಮನೆ ಮಾಲಿಪಾಟೀಲರದು. ಊರಿನ ಬಂದೋಬಸ್ತು ನೋಡುತ್ತಿದ್ದ ಮನೆ ಪೋಲೀಸಪಾಟೀಲರದು. ಲೆಕ್ಕ ಬರೆಯುತ್ತಿದ್ದವರು ಕುಲಕರ್ಣಿಗಳು. 1961ರ ಕಾನೂನಿನಿಂದ ಈ ವಂಶಪಾರಂಪರ್ಯದ ಅಧಿಕಾರಗಳು ಹೋದವು; ಹೆಸರುಗಳು ಉಳಿದವು. ಇಂದು ಪಟ್ಟಣದ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತ ಮಾಲಿಪಾಟೀಲನಿಗೆ ತನ್ನ ಹೆಸರು ಒಂದು ಕಾಲದ ಉದ್ಯೋಗವಾಗಿತ್ತೆಂಬದು ತಿಳಿಯದೆ ಇರಬಹುದು.

ನನ್ನ ಗಂಟಿನಲ್ಲಿದ್ದವು ಬಹುತರವಾಗಿ ಕಂದಾಯದ ರಸೀದಿಗಳು. ಅವುಗಳ ಮೇಲಣ ವರ್ಷ ಫಸಲಿ ವರ್ಷ. ಹೈದರಾಬಾದ ರಾಜ್ಯದಲ್ಲಿ ಅದು ಅಕ್ಟೋಬರದಲ್ಲಿ ಆಜೂರ ಎಂಬ ತಿಂಗಳಿನಿಂದ ಆರಂಭವಾಗುತ್ತಿದ್ದಿತು. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ದೊರೆಯುವದು. ರೂಪಾಯಿಯೂ ಇಂಗ್ರೇಜರ ಕಲದಾರವಲ್ಲ, ನಿಜಾಮನ ಹಾಲಿ ಸಿಕ್ಕಾ. ಸ್ಥೂಲವಾಗಿ ಏಳು ಹಾಲಿಗೆ ಆರು ಕಲದಾರ. ಇಷ್ಟನ್ನು ಕಲಿತುಕೊಂಡು, ಗಂಟನ್ನು ಬಗಲಲ್ಲಿಟ್ಟುಕೊಂಡು, ಬಸವಕಲ್ಯಾಣದಲ್ಲಿದ್ದ ಒಬ್ಬ ನಿವೃತ್ತ ಉರ್ದು ಶಿಕ್ಷಕರ ಮನೆಗೆ ಹೋದೆನು.

ಅವರು ಒಂದೊಂದೇ ರಸೀದಿಯನ್ನು ಬೆಳಕಿಗೆ ಹಿಡಿದು ಓದಿದರು. ಫಸಲಿ 1327ರ ತನಕ ಮುತ್ತಜ್ಜನ ಹೆಸರು. 1328ರ ರಸೀದಿಯನ್ನು ಹಿಡಿದು ಅವರು ಸ್ವಲ್ಪ ತಡೆದರು. “ಇಲ್ಲಿ ಹೆಣ್ಣುಮಗಳ ಹೆಸರಿದೆ” ಎಂದರು. ‘ಮುಸಮ್ಮಾತ್’ ಎಂದು ಮೊದಲು, ಬಳಿಕ ಒಂದು ಹೆಸರು, ಬಳಿಕ ‘ಬೇವಾ’ ಎಂದು, ಅದರ ಮುಂದೆ ನನ್ನ ಮುತ್ತಜ್ಜನ ಹೆಸರು. ಮುಸಮ್ಮಾತ್ ಎಂಬದು ಸ್ತ್ರೀಯರ ಹೆಸರಿಗೆ ಮುಂಚೆ ಇಡುವ ಶಬ್ದ. ಬೇವಾ ಎಂದರೆ ವಿಧವೆ. ಅದರ ಕೆಳಗೆ ‘ನಾಬಾಲಿಗನ ವಲಿ’ ಎಂಬರ್ಥದ ಮಾತು, ಅಂದರೆ ಪ್ರಾಯಕ್ಕೆ ಬಾರದ ಹುಡುಗನ ಪಾಲಕಿ. 1328ರಿಂದ 1341ರ ತನಕ ಹದಿನಾಲ್ಕು ವರ್ಷಗಳಲ್ಲಿ ಎರಡು ವರ್ಷದ ರಸೀದಿಗಳು ಹುಳು ತಿಂದು ಹೋಗಿದ್ದವು. ಉಳಿದ ಹನ್ನೆರಡರಲ್ಲಿಯೂ ಆ ಹೆಸರೇ. 1342ರಿಂದ ನನ್ನ ಅಜ್ಜನ ಹೆಸರು. ಆ ಹೆಣ್ಣುಮಗಳು ನನ್ನ ಮುತ್ತಜ್ಜಿ. ಹೆಸರನ್ನು ಇಲ್ಲಿ ಬರೆಯುವದಿಲ್ಲ. ಅದು ಮನೆಯ ಸೊತ್ತು. ಆದರೆ ಅರವತ್ತು ದಾಟಿದ ನಾನು ಅದನ್ನು ಅಂದು ಮೊದಲ ಸಲ ಕೇಳಿದೆನು, ಅದೂ ಕಂದಾಯದ ಕಾಗದದಿಂದ.

ಫಸಲಿ 1328 ಎಂದರೆ 1918ರ ಅಕ್ಟೋಬರ. ಮೊದಲ ಮಹಾಯುದ್ಧದ ಬೆನ್ನಿಗೆ ಬಂದ ಶೀತಜ್ವರವು ನಮ್ಮ ದೇಶದಲ್ಲಿ ಅತ್ಯಂತ ಉಗ್ರವಾಗಿದ್ದುದು ಆ ತಿಂಗಳುಗಳಲ್ಲಿ. ಆ ವರ್ಷ ಮಳೆಯೂ ದಖ್ಖನಕ್ಕೆ ಕೈಕೊಟ್ಟಿತ್ತು. ಹೈದರಾಬಾದ ರಾಜ್ಯದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 33 ಲಕ್ಷವಿದ್ದುದು 1921ರಲ್ಲಿ ಸುಮಾರು 1 ಕೋಟಿ 24 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಸಂಖ್ಯೆ ಒಂಬತ್ತು ಲಕ್ಷದಷ್ಟು ಕುಗ್ಗಿತು. ಖಾನೇಸುಮಾರಿಯವರಿಗೆ ಸಂಖ್ಯೆ ಬೇಕಾಗಿತ್ತು, ಹೆಸರುಗಳು ಬೇಕಾಗಿರಲಿಲ್ಲ. ಆದುದರಿಂದ ಆ ಲಕ್ಷಗಳಲ್ಲಿ ನನ್ನ ಮುತ್ತಜ್ಜನು ಎಲ್ಲಿದ್ದಾನೆಂದು ಯಾರೂ ತೋರಿಸಲಾರರು. ಎರಡು ರಸೀದಿಗಳ ನಡುವೆ ಹೆಸರು ಬದಲಾದ ಕಡೆಯಲ್ಲಿ ಮಾತ್ರ ಅವನ ಮರಣವು ಕಾಣಿಸುತ್ತದೆ.

ಮನೆಗೆ ಮರಳುವಾಗ ನನ್ನ ತಲೆಯಲ್ಲಿ ಒಂದೇ ವಿಚಾರ. ಹದಿನಾಲ್ಕು ವರ್ಷ ಕಂದಾಯ ಕಟ್ಟಿ ಹೊಲ ಉಳಿಸಿದವಳು ಇವಳು. ಹೆಸರು ಗಳಿಸಿದವನು ಸಣ್ಣ ಮುತ್ಯಾ. ಹೆಳವನು ಮರೆತನು, ಮನೆಯವರು ಮರೆತರು, ಸರಕಾರವೊಂದೇ ಮರೆಯಲಿಲ್ಲ. ಏಕೆಂದರೆ ಅದಕ್ಕೆ ಹಣ ಬರಬೇಕಾಗಿತ್ತು. ಈ ಅನ್ಯಾಯವನ್ನು ಸರಿಪಡಿಸುವ ಭಾರ ನನ್ನ ಮೇಲಿದೆಯೆಂದು ನನಗೆ ತೋರಿತು. ರಸೀದಿಗಳ ಕೆಳಭಾಗದಲ್ಲಿ ಮೋಡಿಯ ಒಂದು ಸಾಲಿದ್ದುದನ್ನು ಶಿಕ್ಷಕರು ತೋರಿಸಿ, ತಮಗೆ ಆ ಅಕ್ಷರ ಬಾರದೆಂದೂ ಬಲ್ಲವರಿಂದ ಓದಿಸಬೇಕೆಂದೂ ಹೇಳಿದ್ದರು. ಪಟವಾರಿಯ ಸಹಿಯಿರಬೇಕೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆನು.

ಆ ವರ್ಷದ ಎಳ್ಳಮಾವಾಸ್ಯೆಗೆ ಎಂದಿನಂತೆ ಎರಡೂ ಬಳ್ಳಿಯವರು ಹೊಲದಲ್ಲಿ ಸೇರಿದ್ದೆವು. ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳ ಬುಟ್ಟಿಗಳು ಬನ್ನಿಯ ಗಿಡದ ಕೆಳಗಿದ್ದವು. ಸಣ್ಣ ಮುತ್ಯಾನ ಮೊಮ್ಮಗ, ವರಸೆಯಲ್ಲಿ ನನಗೆ ಕಾಕಾ, ಎಪ್ಪತ್ತೈದು ದಾಟಿದವರು, ಚರಗದ ಪಾತ್ರೆ ಹಿಡಿದು ತಮ್ಮ ಅಜ್ಜನ ಹೆಸರೆತ್ತಿದರು. ನಾನು ತಡೆದೆನು. ಮೊದಲು ಹೇಳಬೇಕಾದ ಹೆಸರು ಅದಲ್ಲವೆಂದೂ, ಹೊಲ ಉಳಿಸಿದವರು ಯಾರೆಂಬದಕ್ಕೆ ನನ್ನ ಹತ್ತಿರ ಸರಕಾರದ ಕಾಗದವಿದೆಯೆಂದೂ ಎಲ್ಲರೆದುರಿಗೆ ಹೇಳಿ, ರಸೀದಿಗಳ ವರ್ಷಗಳನ್ನು ಒಂದೊಂದಾಗಿ ಎಣಿಸಿದೆನು. ಕಾಕಾ ಅವರು ಮರುಮಾತಾಡಲಿಲ್ಲ. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, “ಹಂಗಾದ್ರ ನೀನೇ ಚೆಲ್ಲಪಾ” ಎಂದು ಹೇಳಿ, ಉಣ್ಣದೆ ಬದುವಿನಗುಂಟ ನಡೆದು ಹೋದರು. ಅವರ ಮಕ್ಕಳೂ ಬುಟ್ಟಿ ಎತ್ತಿಕೊಂಡು ಹಿಂದೆ ಹೋದರು. ನಾನು ಗೆದ್ದಿದ್ದೆನು, ಆದರೆ ಆ ದಿನದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಎರಡು ತಿಂಗಳ ಬಳಿಕ ಬೇರೆ ಕೆಲಸಕ್ಕೆಂದು ಉಮರ್ಗಾಕ್ಕೆ ಹೋದಾಗ, ಅಲ್ಲಿ ಮೋಡಿ ಬಲ್ಲ ಒಬ್ಬ ಹಿರಿಯರಿದ್ದಾರೆಂದು ತಿಳಿದು ರಸೀದಿಗಳನ್ನು ಒಯ್ದಿದ್ದೆನು. ಮೋಡಿಯನ್ನು ಕೈಯೆತ್ತದೆ ಬರೆಯುವರು; ಅಕ್ಷರಗಳು ಒಂದರ ಬಾಲವನ್ನೊಂದು ಹಿಡಿದುಕೊಂಡು ಓಡುತ್ತವೆ. ಅವರು ಕನ್ನಡಕ ಸರಿಪಡಿಸಿಕೊಂಡು ಕೆಳಗಣ ಸಾಲಿನ ಮೇಲೆ ಬೆರಳಿಟ್ಟು, “ಹಸ್ತೆ” ಎಂದು ಓದಿದರು. ಅದರ ಮುಂದೆ ಸಣ್ಣ ಮುತ್ಯಾನ ಹೆಸರನ್ನು ಓದಿದರು. ಹಸ್ತೆ ಎಂದರೆ ಇಂಥವರ ಕೈಯಿಂದ ಬಂದದ್ದು ಎಂದರ್ಥ. ಹಣ ಯಾರ ಬಾಬತ್ತು, ತಂದುಕೊಟ್ಟವರು ಯಾರು ಎಂಬ ಎರಡನ್ನೂ ಬರೆಯುವದು ಪಟವಾರಿಯ ಪದ್ಧತಿ. ಹನ್ನೆರಡು ರಸೀದಿಗಳಲ್ಲಿಯೂ ಮೇಲೆ ಮುತ್ತಜ್ಜಿಯ ಹೆಸರು, ಕೆಳಗೆ ಸಣ್ಣ ಮುತ್ಯಾನ ಹೆಸರು. ನಾನು ಅರ್ಧ ಕಾಗದವನ್ನು ಓದಿ, ಪೂರ್ತಿ ತೀರ್ಪು ಹೇಳಿದ್ದೆನು.

ಉಮರ್ಗಾದಿಂದ ನೇರವಾಗಿ ಹುಮನಾಬಾದಕ್ಕೆ ಹೋದೆನು. ನನ್ನ ತಂದೆಯ ಅಕ್ಕ, ನನ್ನ ಸೋದರತ್ತೆ, ಅಲ್ಲಿಯ ಮನೆಗೆ ಸೊಸೆಯಾಗಿ ಹೋದವರು. ವಯಸ್ಸು ತೊಂಬತ್ತರ ಹತ್ತಿರ. ಕಣ್ಣು ಮಂದ, ನೆನಪು ಚುರುಕು. ಎಲ್ಲಕ್ಕೂ ಮೊದಲು ಹೋಗಬೇಕಾದಲ್ಲಿಗೆ ನಾನು ಕೊನೆಗೆ ಹೋದೆನು. ಮೊದಲು ಆ ಹೆಸರನ್ನು ಹೇಳಿ, ಇದು ಯಾರದೆಂದು ಗೊತ್ತೇ ಎಂದು ಕೇಳಿದೆನು. ಅತ್ತೆ ಗೊತ್ತಿಲ್ಲವೆಂದು ತಲೆಯಾಡಿಸಿದರು. ನಿಮ್ಮ ಆಯಿಯದೇ ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಹೆಸರನ್ನು ಒಮ್ಮೆ ಮೆಲ್ಲಗೆ ತಾವೇ ಅಂದು ನೋಡಿದರು. “ನಾ ಆಕಿ ಮಗ್ಗಲದಾಗೇ ಮಲಕೊಂಡು ಬೆಳೆದಾಕಿ. ಆಕಿ ಹೆಸರ ಏನಂತ ನಾ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಎಲ್ಲಾರಿಗೂ ಆಯಿ, ಅಷ್ಟೇ. ಇದು ಗಂಡನ ಮನಿ ಹೆಸರೋ ಏನೋ, ತವರಾಗ ಬ್ಯಾರೆ ಕರೀತಿದ್ರೇನೋ” ಎಂದರು.

ಬಳಿಕ ರಸೀದಿಯ ಸಂಗತಿಯನ್ನೂ ಹೊಲದಲ್ಲಿ ನಡೆದುದನ್ನೂ ಹೇಳಿದೆನು. ಅತ್ತೆಗೆ ಸಿಟ್ಟು ಬರಲಿಲ್ಲ, ನಗು ಬಂದಿತು. “ಹುಚ್ಚಪ್ಪಾ, ಆ ಕಾಲದಾಗ ಮುಂಡೆ ಹೆಣ್ಣಮಗಳು ಚಾವಡಿ ಮೆಟ್ಟಲಾ ಏರತಿದ್ಳೇನು? ಎರಡು ಎಮ್ಮಿ ಕಟ್ಟಿ, ಬೆಣ್ಣಿ ಕಾಸಿ, ತುಪ್ಪಾ ಮಾರಿ ರೊಕ್ಕ ಕೂಡಿಸ್ತಿದ್ಳು. ಒಯ್ದು ಕಟ್ಟಿ ಬರ್ತಿದ್ದಾಂವ ಸಣ್ಣ ಮುತ್ಯಾ. ರೊಕ್ಕ ಆಕಿದು, ಕಾಲು ಅವನವು. ಮನಸ್ಸಿನಾಗ ಕೇಡು ಇದ್ದರ ಅವ ಒಂದ ವರ್ಷ ರಸೀದಿ ತನ್ನ ಹೆಸರಿಲೆ ಹರಿಸಿದ್ದರ ಯಾರ ಕೇಳಾಂವ ಇದ್ದ?” ಎಂದರು. ಈ ಕೊನೆಯ ಮಾತು ನನಗೆ ನಾಟಿತು. ಓದು ಬಾರದ ಅತ್ತಿಗೆ, ನಾಲ್ಕು ವರ್ಷದ ಹುಡುಗ, ಜ್ವರದ ವರ್ಷ, ಮಳೆಯಿಲ್ಲದ ವರ್ಷ. ಚಾವಡಿಯಲ್ಲಿ ನಿಂತು ‘ನನ್ನ ಹೆಸರಿಗೆ ಬರೆಯಿರಿ’ ಎಂದು ಅವನು ಒಂದು ಸಲ ಅಂದಿದ್ದರೆ ಸಾಕಾಗಿತ್ತು. ಹದಿನಾಲ್ಕು ವರ್ಷ ಅವನು ಹಾಗೆ ಅನ್ನಲಿಲ್ಲ. ಯಾವ ಕಾಗದದಿಂದ ನಾನು ಅವನ ಕೀರ್ತಿಯನ್ನು ಕಿತ್ತುಕೊಳ್ಳ ಹೋದೆನೋ ಅದೇ ಕಾಗದದಲ್ಲಿ, ಮೇಲಣ ಸಾಲಿನಲ್ಲಿ ತನ್ನ ಹೆಸರಿಲ್ಲದಿರುವದರಿಂದಲೇ, ಅವನ ಪ್ರಾಮಾಣಿಕತೆ ಸಿದ್ಧವಾಗಿತ್ತು.

ಊರಿಗೆ ಬಂದವನೇ ಕಾಕಾ ಅವರ ಮನೆಗೆ ಹೋದೆನು. ಅವರು ಅಂಗಳದಲ್ಲಿ ಕುಳಿತು ಬಾರುಕೋಲಿಗೆ ಹೊಸ ಬಾರು ಕಟ್ಟುತ್ತಿದ್ದರು. ಕಾಲಿಗೆ ನಮಸ್ಕಾರ ಮಾಡಿ, ಮೋಡಿಯ ಸಾಲನ್ನು ಕನ್ನಡದಲ್ಲಿ ಬರೆಯಿಸಿಕೊಂಡು ಬಂದಿದ್ದ ಚೀಟಿಯನ್ನು ಮುಂದಿಟ್ಟೆನು. ಓದಲಿಲ್ಲ; ನನ್ನಿಂದಲೇ ಓದಿಸಿದರು. ತಮ್ಮ ಅಜ್ಜನ ಹೆಸರು ಬಂದಾಗ ಬಾರು ಕಟ್ಟುವ ಕೈ ನಿಂತಿತು. “ನಮ್ಮ ಮುತ್ಯಾ ಎಂದೂ ತಾ ಹೊಲಾ ಉಳಿಸಿದೆ ಅಂತ ಅಂದಾಂವಲ್ಲ. ಅಂದವ್ರು ನಿಮ್ಮ ಅಜ್ಜ. ಕಡೀತನಕ ಅಂತಿದ್ದ” ಎಂದರು. ಆ ಮನೆಯ ಕಥೆ ಸಣ್ಣ ಮುತ್ಯಾನ ಬಡಾಯಿಯಾಗಿರಲಿಲ್ಲ; ಅದು ನನ್ನ ಅಜ್ಜನ ಕೃತಜ್ಞತೆಯಾಗಿತ್ತು. ತಾಯಿಗೆ ಕೃತಜ್ಞತೆ ಹೇಳುವ ರೂಢಿ ನಮ್ಮಲ್ಲಿಲ್ಲ. ಅದು ಅವಳ ಧರ್ಮವೆಂದು ತಿಳಿಯುತ್ತೇವೆ. ಕಾಕಾನಿಗೆ ಹೇಳುವದು ರೂಢಿ. ಹೀಗೆ ಸುಳ್ಳಾಡಿದವರು ಯಾರೂ ಇಲ್ಲದೆ ಸತ್ಯದ ಅರ್ಧಭಾಗ ಮನೆಯಿಂದ ಕಳೆದುಹೋಗಿತ್ತು. ನಾನು ಹೊರಡುವಾಗ ಕಾಕಾ ಅವರು, “ಕಾಗದಾ ಓದೋದು ಕಲತಿ, ಛಲೋ ಆತು. ಇನ್ನಮ್ಯಾಲೆ ತಳಾತನಕ ಓದು” ಎಂದರು. ಅದಕ್ಕಿಂತ ಹೆಚ್ಚು ಶಿಕ್ಷೆಯನ್ನು ಅವರು ನನಗೆ ಕೊಡಲಿಲ್ಲ.

ಇಂಗ್ಲಂಡದಲ್ಲಿ 1538ರಿಂದ ಪ್ರತಿಯೊಂದು ಚರ್ಚಿನಲ್ಲಿ ನಾಮಕರಣ, ಮದುವೆ, ಮಣ್ಣುಗಳನ್ನು ಬರೆದಿಡುವ ಕಟ್ಟಳೆಯಾಯಿತೆಂದೂ, ಅಲ್ಲಿ ಹೆಣ್ಣಿನ ಹೆಸರು ಸಹ ದೊರೆಯುವದೆಂದೂ ಓದಿದ್ದೇನೆ. ನಮ್ಮಲ್ಲಿ ಅಂಥ ಕಟ್ಟಳೆಯಿರಲಿಲ್ಲ. ನಮ್ಮಲ್ಲಿದ್ದವುಗಳು ಬೇರೆ ಬೇರೆ ಅವಶ್ಯಕತೆಗಳ ತುಣುಕುಗಳು. ಹೆಳವನಿಗೆ ಕಾಳು ಕೊಡುವ ಮನೆಯ ಯಜಮಾನನ ಹೆಸರು ಬೇಕು. ತೀರ್ಥದ ಉಪಾಧ್ಯಾಯನಿಗೆ ದಕ್ಷಿಣೆ ಕೊಡುವ ಯಾತ್ರಿಕನ ಹೆಸರು ಬೇಕು. ಸರಕಾರಕ್ಕೆ ಕಂದಾಯ ಕೊಡುವವರ ಹೆಸರು ಬೇಕು. ಇವರಾರಿಗೂ ಬೇಡವಾದವರ ಗತಿಯೇನು? ನಮ್ಮ ಹೊಲದಲ್ಲಿ ತಲೆತಲಾಂತರದಿಂದ ದುಡಿದ, ತಮ್ಮದೆಂಬ ಒಂದು ಗುಂಟೆಯೂ ಇಲ್ಲದಿದ್ದ ಮನೆತನಗಳಿವೆ. ಅವರ ಅಜ್ಜಂದಿರಿಗೆ ರಸೀದಿಯಿಲ್ಲ. ನನ್ನ ಗಂಟನ್ನು ಪುನಃ ತಿರುವಿ ಹಾಕಿದಾಗ ಮನೆಯ ಕನ್ನಡ ಲೆಕ್ಕದ ಚೀಟಿಗಳಲ್ಲಿ ಸುಗ್ಗಿಯ ಕೂಲಿಯ ಕಾಳು ಕೊಟ್ಟ ಬಗೆ ಕಂಡಿತು. ಅಲ್ಲಿ ನಾಲ್ಕು ಹೆಸರುಗಳಿದ್ದವು. ಅವರ ಮೊಮ್ಮಕ್ಕಳು ಇಂದೂ ಊರಲ್ಲಿದ್ದಾರೆ. ಆ ಚೀಟಿಗಳ ಪ್ರತಿ ಮಾಡಿಸಿ ಅವರಿಗೆ ಕೊಟ್ಟೆನು. ಅವರಲ್ಲೊಬ್ಬನು ಅಜ್ಜನ ಹೆಸರನ್ನು ಬರೆಹದಲ್ಲಿ ಕಂಡದ್ದು ಇದೇ ಮೊದಲೆಂದು ಹೇಳಿ, ಕಾಗದವನ್ನು ಮಡಿಸಿ ದೇವರ ಜಗಲಿಯ ಮೇಲಿಟ್ಟನು.

ಮರುವರ್ಷ ಸುಗ್ಗಿಗೆ ಹೆಳವನು ಬಂದನು. ಈಗ ಎತ್ತಿಲ್ಲ, ಮೋಟಾರುಬೈಕಿನ ಮೇಲೆ ಬರುತ್ತಾನೆ, ಚೋಪಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುತ್ತಾನೆ. ಕಾಕಾ ಅವರನ್ನೂ ಕರೆಯಿಸಿ ಇಬ್ಬರೂ ಕುಳಿತೆವು. ಏಳು ತಲೆಗಳ ಹೆಸರು ಹೇಳಿ ಮುಗಿಸಿದ ಮೇಲೆ ನಾನು ಸ್ವಲ್ಪ ಖಾರವಾಗಿಯೇ ಕೇಳಿದೆನು: ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳ ಹೆಸರು ಈ ಪುಟದಲ್ಲಿ ಏಕಿಲ್ಲ? ಅವನು ಬೇಸರಿಸದೆ ಹೇಳಿದನು: “ನಾವು ಹೇಳಿದ್ದ ಬರೀತೀವ್ರಿ. ನಿಮ್ಮ ಮನಿಯವ್ರು ಹೇಳಲಿಲ್ಲ, ನಮ್ಮವ್ರು ಬರೀಲಿಲ್ಲ. ಇವತ್ತ ಹೇಳ್ರಿ, ಇವತ್ತ ಬರೀತೀನಿ.” ಎರಡನೆಯ ಸಲ ನಾನು ತಪ್ಪು ಜಾಗದಲ್ಲಿ ತಪ್ಪು ಹುಡುಕಿದ್ದ ಹಾಗಾಯಿತು.

ಮುತ್ತಜ್ಜನ ಹೆಸರಿನ ಮಗ್ಗುಲಲ್ಲಿ ಆ ಹೆಸರನ್ನು ಬರೆಯಿಸಿದೆವು. ತವರೂರು ಯಾವುದೆಂದು ಹೆಳವನು ಕೇಳಿದನು. ಕಾಕಾ ಅವರು ಹೇಳಿದರು, ಅವರಿಗೆ ಗೊತ್ತಿತ್ತು. ತವರಿನ ಹೆಸರೇನೆಂದು ಕೇಳಿದನು; ಇಬ್ಬರಿಗೂ ಗೊತ್ತಿರಲಿಲ್ಲ. ಬೆರಳಗಲ ಜಾಗವನ್ನು ಬಿಟ್ಟು ಅವನು ಮುಂದೆ ಬರೆದನು. ಬಳಿಕ ಕಾಕಾ ಅವರ ತಾಯಿಯ, ನನ್ನ ತಾಯಿಯ, ನಮ್ಮ ಹೆಣ್ಣುಮಕ್ಕಳ ಹೆಸರುಗಳನ್ನೂ ಹೇಳಿದೆವು. ಬರೆಯುವದು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೆಳವನು ನಮ್ಮಲ್ಲಿಯೇ ಉಂಡನು. ಆ ತವರೂರಿನ ಮನೆತನಕ್ಕೂ ಒಬ್ಬ ಹೆಳವನಿರಬೇಕೆಂದೂ, ಅವರ ಪುಟದಲ್ಲಿ ಹೆಣ್ಣುಮಗಳ ಹೆಸರಿದ್ದರೆ ಕೇಳಿ ತಿಳಿಸುವೆನೆಂದೂ ಹೇಳಿ ಹೋಗಿದ್ದಾನೆ. ಹೆಸರಿರುವ ಸಂಭವ ಕಡಿಮೆ, ಅವರೂ ನಮ್ಮಂಥವರೇ.

2000ದ ಸುಮಾರಿನಿಂದ ನಮ್ಮ ಪಹಣಿಗಳು ಗಣಕಯಂತ್ರಕ್ಕೆ ಏರಿವೆ. ಹೊಲದ ಇಂದಿನ ಯಜಮಾನನ ಹೆಸರು ಕ್ಷಣದಲ್ಲಿ ಸಿಗುತ್ತದೆ. ಹಳೆಯ ಗಂಟುಗಳು ಮಾತ್ರ ಇನ್ನೂ ಮನೆಮನೆಗಳ ಅಟ್ಟಗಳಲ್ಲಿಯೇ ಇವೆ. ಅವುಗಳನ್ನು ಓದಬಲ್ಲವರೂ ಅವುಗಳ ಅರ್ಥ ಹೇಳಬಲ್ಲ ಮುದುಕಿಯರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಂಥ ಗಂಟು ಇದ್ದವರು ಮೊದಲು ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಕುಳಿತು ಕೇಳಬೇಕು. ಬಳಿಕ ಕಾಗದವನ್ನು ತಳದ ಸಾಲಿನ ತನಕ ಓದಿಸಬೇಕು. ಅದಾದ ಮೇಲೆ ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕು. ನಾನು ಈ ಮೂರನ್ನೂ ತಲೆಕೆಳಗಾಗಿ ಮಾಡಿದೆನು. ಕಳೆದ ಎಳ್ಳಮಾವಾಸ್ಯೆಯಂದು ಎರಡೂ ಬಳ್ಳಿಯವರು ಮತ್ತೆ ಹೊಲದಲ್ಲಿ ಕೂಡಿದೆವು. ಚರಗದ ಪಾತ್ರೆ ಕಾಕಾ ಅವರ ಕೈಯಲ್ಲಿಯೇ ಇತ್ತು. ಅವರು ಮೊದಲು ಮುತ್ತಜ್ಜಿಯ ಹೆಸರನ್ನು ಹೇಳಿದರು. ಬಳಿಕ ನಾನು ಸಣ್ಣ ಮುತ್ಯಾನ ಹೆಸರನ್ನು ಹೇಳಿದೆನು.